55 ವಾರ್ಡು, 65 ಮತ: ಕಲಬುರಗಿ ಪಾಲಿಕೆಯ ಲೆಕ್ಕ ಬಿಡಿಸೋಣ ಬನ್ನಿ

2021ರ ಸೆಪ್ಟೆಂಬರ್ 3ರಂದು ಕಲಬುರಗಿ ಮಹಾನಗರ ಪಾಲಿಕೆಗೆ ಚುನಾವಣೆ ನಡೆಯಿತು. ಊರಲ್ಲಿ ಒಟ್ಟು 55 ವಾರ್ಡು. ಸೆಪ್ಟೆಂಬರ್ 6ರಂದು ಎಣಿಕೆ ಮುಗಿದಾಗ ಕಾಂಗ್ರೆಸ್‌ಗೆ 27, ಬಿಜೆಪಿಗೆ 23, ಜೆಡಿಎಸ್‌ಗೆ 4, ಪಕ್ಷೇತರರಿಗೆ 1. ಕೂಡಿಸಿದರೆ ಸರಿಯಾಗಿ 55. ಬಹುಮತಕ್ಕೆ 28 ಬೇಕಿತ್ತು. ಯಾರಿಗೂ ಸಿಗಲಿಲ್ಲ. ಇಲ್ಲಿವರೆಗೆ ಎಲ್ಲರಿಗೂ ತಿಳಿಯುವ ಲೆಕ್ಕ.

ಮೇಯರ್ ಆಯ್ಕೆ ನಡೆದದ್ದು ಒಂದೂವರೆ ವರ್ಷದ ನಂತರ, 2023ರ ಮಾರ್ಚ್‌ನಲ್ಲಿ. ಬಿಜೆಪಿಯ ವಿಶಾಲ್ ದರ್ಗಿ ಗೆದ್ದರು. ಅವರಿಗೆ 33 ಮತ, ಎದುರಿಗಿದ್ದ ಕಾಂಗ್ರೆಸ್ ಅಭ್ಯರ್ಥಿಗೆ 32. ಒಂದೇ ಒಂದು ಮತದ ಅಂತರ. ಈಗ ಆ ಎರಡು ಸಂಖ್ಯೆ ಕೂಡಿಸಿ ನೋಡಿ. 65 ಆಗುತ್ತದೆ.

ವಾರ್ಡು 55, ಮತ 65. ಮರುದಿನ ಸೂಸಲಾ ಮಿರ್ಚಿ ಅಂಗಡಿ ಮುಂದೆ ಪೇಪರ್ ಹಿಡಿದಿದ್ದ ಒಬ್ಬ ಕಾಕಾ ನನ್ನನ್ನು ಕೇಳಿದ್ದು ಇದನ್ನೇ. "ಈ ಹತ್ತು ಮಂದಿ ಯಾವ ಓಣ್ಯಾಗಿಂದ ಆರಿಸಿ ಬಂದಾರ್ರಿ ತಮ್ಮಾ? ನಮ್ಮ ಕಡಿ ಓಟ್ ಕೇಳಾಕ ಯಾರೂ ಬಂದಿಲ್ಲಲ?" ನಿಂತ ಕಾಲಲ್ಲಿ ಉತ್ತರ ಹೇಳಲು ನನಗೆ ಆಗಲಿಲ್ಲ. ಏನೋ ಅರ್ಧಂಬರ್ಧ ಹೇಳಿ ಜಾರಿಕೊಂಡೆ. ಆ ಉತ್ತರವನ್ನು ಈಗ ಪೂರ್ತಿ ಹೇಳುತ್ತೇನೆ. ಅದಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನಗರಸಭೆಯೋ ಪಾಲಿಕೆಯೋ

ಮಾತಾಡುವಾಗ ನಾವು ಎಲ್ಲದಕ್ಕೂ "ಮುನ್ಸಿಪಾಲ್ಟಿ" ಅನ್ನುತ್ತೇವೆ. ಕಾನೂನಿನ ಪ್ರಕಾರ ನಮ್ಮ ರಾಜ್ಯದಲ್ಲಿ ನಾಲ್ಕು ಮೆಟ್ಟಿಲುಗಳಿವೆ. 10 ಸಾವಿರದಿಂದ 20 ಸಾವಿರ ಜನ ಇರುವ ಊರಿಗೆ ಪಟ್ಟಣ ಪಂಚಾಯಿತಿ. 50 ಸಾವಿರದ ತನಕ ಪುರಸಭೆ. 3 ಲಕ್ಷದ ತನಕ ನಗರಸಭೆ. ಅದನ್ನು ದಾಟಿದರೆ ಮಹಾನಗರ ಪಾಲಿಕೆ. ಮೊದಲ ಮೂರಕ್ಕೆ 1964ರ ಪುರಸಭೆಗಳ ಕಾಯ್ದೆ, ಪಾಲಿಕೆಗೆ 1976ರ ಪಾಲಿಕೆಗಳ ಕಾಯ್ದೆ. ಬೆಂಗಳೂರಿಗೆ ಮಾತ್ರ ಈಗ ಬೇರೆಯೇ ಕಾನೂನು ಇದೆ. ಆ ಕಥೆ ಬೇರೆ, ಇಲ್ಲಿ ಬೇಡ.

2011ರ ಜನಗಣತಿಯಲ್ಲಿ ಕಲಬುರಗಿಯ ಜನಸಂಖ್ಯೆ 5.33 ಲಕ್ಷ. ಬೀದರ್ 2.16 ಲಕ್ಷ, ಯಾದಗಿರಿ 74 ಸಾವಿರ. ಹಾಗಾಗಿ ಕಲಬುರಗಿಗೆ ಪಾಲಿಕೆ, ಉಳಿದೆರಡಕ್ಕೆ ನಗರಸಭೆ. ಬೀದರ್‌ನವರಿಗೆ ಮಾತ್ರ ಈ ಮಾತು ಈಗ ಹಳೆಯದು. 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲೇ ನಡೆದ ಸಚಿವ ಸಂಪುಟ ಸಭೆ ಬೀದರ್ ಮತ್ತು ರಾಯಚೂರನ್ನು ಪಾಲಿಕೆಯ ಮೆಟ್ಟಿಲಿಗೆ ಏರಿಸಲು ಒಪ್ಪಿತು. ಜನಸಂಖ್ಯೆ ಸಾಲದಿದ್ದರೆ ಅಕ್ಕಪಕ್ಕದ ಹಳ್ಳಿಗಳನ್ನು ಸೇರಿಸಿಕೊಳ್ಳುವುದು ರೂಢಿ. ಹೀಗೆ ಸೇರುವ ಹಳ್ಳಿಯವರಿಗೆ ಬೀದಿದೀಪ ಬರುತ್ತದೆ, ಜೊತೆಗೆ ಪಾಲಿಕೆಯ ತೆರಿಗೆಯೂ ಬರುತ್ತದೆ. ಯಾವುದು ಮೊದಲು ಬರುತ್ತದೆ ಅಂತ ನನ್ನನ್ನು ಕೇಳಬೇಡಿ.

ಮೆಟ್ಟಿಲು ಏರಿದರೆ ಬದಲಾಗುವುದು ಬರೀ ಬೋರ್ಡು ಅಲ್ಲ. ನಗರಸಭೆಯಲ್ಲಿ ಮುಖ್ಯಸ್ಥರಿಗೆ ಅಧ್ಯಕ್ಷರು ಅಂತಾರೆ, ಅವಧಿ 30 ತಿಂಗಳು. ಪಾಲಿಕೆಯಲ್ಲಿ ಅವರು ಮೇಯರ್, ಅವಧಿ ಬರೀ 12 ತಿಂಗಳು. ನಗರಸಭೆಯ ಅಧಿಕಾರಿ ಪೌರಾಯುಕ್ತರು, ಪಾಲಿಕೆಯಲ್ಲಿ ಆಯುಕ್ತರು. ಇನ್ನೊಂದು ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ. ಯಾದಗಿರಿಯಲ್ಲಿ 31 ವಾರ್ಡು. 2011ರ ಲೆಕ್ಕ ಹಿಡಿದರೆ ಒಬ್ಬ ಸದಸ್ಯರಿಗೆ ಸುಮಾರು 2,400 ಜನ. ಬೀದರ್ ನಗರಸಭೆಗೆ 35 ವಾರ್ಡು ಇದ್ದವು, ಒಬ್ಬರಿಗೆ 6,000ಕ್ಕೂ ಮೇಲೆ. ಕಲಬುರಗಿಯಲ್ಲಿ ಒಬ್ಬರಿಗೆ ಸುಮಾರು 9,700. ಯಾದಗಿರಿಯ ಸದಸ್ಯರಿಗೆ ವಾರ್ಡಿನ ಮನೆಮನೆಯ ಮುಖ ಪರಿಚಯ ಇರಬಹುದು. ಕಲಬುರಗಿಯ ಸದಸ್ಯರಿಂದ ಅದನ್ನು ನಿರೀಕ್ಷಿಸುವುದು ಕಷ್ಟ. ನಾವು ಮಾತ್ರ ಇಬ್ಬರಿಂದಲೂ ಒಂದೇ ಥರದ ಕೆಲಸ ಬಯಸುತ್ತೇವೆ.

ಈ ಎಲ್ಲದರ ಬುಡದಲ್ಲಿ ಇರುವುದು ಸಂವಿಧಾನದ 74ನೇ ತಿದ್ದುಪಡಿ. 1993ರ ಜೂನ್ 1ರಿಂದ ಅದು ಜಾರಿಗೆ ಬಂತು. ಅದಕ್ಕೂ ಮೊದಲು ಊರಿನ ಸಭೆಯನ್ನು ರಾಜ್ಯ ಸರ್ಕಾರ ಬೇಕಾದಾಗ ಬರ್ಖಾಸ್ತು ಮಾಡಿ, ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲಿ ಬಿಡಬಹುದಿತ್ತು. ತಿದ್ದುಪಡಿ ಬಂದ ಮೇಲೆ 5 ವರ್ಷದ ಅವಧಿ, ಮೀಸಲಾತಿ, ಪ್ರತ್ಯೇಕ ಚುನಾವಣಾ ಆಯೋಗ ಎಲ್ಲವೂ ಸಂವಿಧಾನದೊಳಗೇ ಬಂದವು. ಹಾಗಂತ ವಿಳಂಬ ನಿಂತಿತಾ? ಕಲಬುರಗಿಯ ಒಂದೂವರೆ ವರ್ಷ ನೆನಪಿಸಿಕೊಳ್ಳಿ.

ನಿಮ್ಮ ಮತ ಹೋಗುವುದು ಒಬ್ಬರಿಗೆ ಮಾತ್ರ

ಪಾಲಿಕೆ ಚುನಾವಣೆಯಲ್ಲಿ ನೀವು ಮತ ಹಾಕುವುದು ಒಂದೇ ಸಲ, ನಿಮ್ಮ ವಾರ್ಡಿನ ಒಬ್ಬ ಸದಸ್ಯರಿಗಾಗಿ. ಜನ ಅವರನ್ನು ಕಾರ್ಪೊರೇಟರ್ ಅನ್ನುತ್ತಾರೆ. ಹಳಬರ ಬಾಯಲ್ಲಿ ಈಗಲೂ "ಮೆಂಬರ್". ವಾರ್ಡಿನಲ್ಲಿ ಯಾರಿಗೆ ಎಲ್ಲರಿಗಿಂತ ಜಾಸ್ತಿ ಮತ ಬಿತ್ತೋ ಅವರೇ ಗೆದ್ದಂತೆ. ಅರ್ಧಕ್ಕಿಂತ ಹೆಚ್ಚು ಬೀಳಬೇಕೆಂದೇನೂ ಇಲ್ಲ. ಆರೇಳು ಮಂದಿ ನಿಂತ ವಾರ್ಡಿನಲ್ಲಿ ನೂರರಲ್ಲಿ ಮೂವತ್ತು ಮತ ಪಡೆದವರೂ ಗೆದ್ದು ಬರಬಹುದು.

ಹಳ್ಳಿಯ ನೆಂಟರಿಗೆ ಇದನ್ನು ಹೇಳುವಾಗ ಒಂದು ಗೊಂದಲ ಆಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಒಂದೇ ಕ್ಷೇತ್ರದಿಂದ ಇಬ್ಬರು ಮೂವರು ಆರಿಸಿ ಬರುವುದೂ ಉಂಟು. ಹೆಚ್ಚಿನ ಕಡೆ ಚೀಟಿಗೆ ಮುದ್ರೆ ಒತ್ತುತ್ತಾರೆ. ಬೀದರ್ ಜಿಲ್ಲೆಯವರು ಇದಕ್ಕೆ ತಕರಾರು ತೆಗೆಯಬಹುದು, ಯಾಕೆಂದರೆ 2020ರ ಡಿಸೆಂಬರ್‌ನ ಪಂಚಾಯಿತಿ ಚುನಾವಣೆಯಲ್ಲಿ ಅವರಿಗೆ ಮತಯಂತ್ರ ಕೊಟ್ಟಿದ್ದರು. ಪಾಲಿಕೆಯಲ್ಲಾದರೆ ಪಕ್ಷದ ಚಿಹ್ನೆ ಇರುತ್ತದೆ, ವಾರ್ಡಿಗೆ ಒಬ್ಬರೇ ಸದಸ್ಯರು. 2021ರಲ್ಲಿ ಕಲಬುರಗಿಯವರು ಮತ ಹಾಕಿದ್ದು ಮತಯಂತ್ರದಲ್ಲಿ.

ಚುನಾವಣೆ ನಡೆಸುವುದು ದಿಲ್ಲಿಯ ಚುನಾವಣಾ ಆಯೋಗ ಅಲ್ಲ. ಅದಕ್ಕೆಂದೇ ರಾಜ್ಯ ಚುನಾವಣಾ ಆಯೋಗ ಬೇರೆ ಇದೆ. ಮತದಾರರ ಪಟ್ಟಿಯನ್ನು ವಿಧಾನಸಭೆಯ ಪಟ್ಟಿಯಿಂದಲೇ ತೆಗೆದುಕೊಂಡು ವಾರ್ಡಿನ ಗಡಿಗೆ ತಕ್ಕಂತೆ ಕತ್ತರಿಸಿ ಜೋಡಿಸುತ್ತಾರೆ. ಎಡವಟ್ಟು ಆಗುವುದು ಇಲ್ಲೇ. ವಿಧಾನಸಭೆ ಚುನಾವಣೆಯಲ್ಲಿ ಪಕ್ಕದ ಶಾಲೆಯಲ್ಲಿ ಮತ ಹಾಕಿದವರ ಹೆಸರು ಪಾಲಿಕೆ ಚುನಾವಣೆಯಲ್ಲಿ ರಸ್ತೆಯ ಆಚೆಗಿನ ವಾರ್ಡಿಗೆ ಹೋಗಿ ಕೂತಿರುತ್ತದೆ. ಒಂದೇ ಮನೆಯ ಗಂಡ ಹೆಂಡತಿ ಬೇರೆ ಬೇರೆ ವಾರ್ಡಿಗೆ ಹಂಚಿ ಹೋದದ್ದನ್ನೂ ನಾನು ನೋಡಿದ್ದೇನೆ. ಕರಡು ಪಟ್ಟಿ ಬಂದಾಗ ಆಕ್ಷೇಪಣೆ ಸಲ್ಲಿಸಲು ಕೆಲವು ದಿನ ಕೊಡುತ್ತಾರೆ. ಆ ದಿನಗಳಲ್ಲಿ ಯಾರೂ ನೋಡುವುದಿಲ್ಲ. ಮತದಾನದ ದಿನ ಬೆಳಿಗ್ಗೆ ಎಲ್ಲರೂ ಕೂಗಾಡುತ್ತಾರೆ.

ಮತ ಹಾಕಲು 18 ವರ್ಷ ಆಗಿರಬೇಕು. ನಿಲ್ಲಲು 21 ಸಾಕು. ವಿಧಾನಸಭೆಗೆ ನಿಲ್ಲಬೇಕಾದರೆ 25 ಆಗಬೇಕು, ನೆನಪಿರಲಿ. ಅಂದರೆ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಹುಡುಗ ಹುಡುಗಿಯರಿಗೆ ರಾಜಕೀಯಕ್ಕೆ ಎಲ್ಲಕ್ಕಿಂತ ಮೊದಲು ತೆರೆಯುವ ಬಾಗಿಲು ಇದೇ. ಅಭ್ಯರ್ಥಿಯ ಹೆಸರು ಊರಿನ ಮತದಾರರ ಪಟ್ಟಿಯಲ್ಲಿ ಇರಬೇಕು, ನಿಂತ ವಾರ್ಡಿನಲ್ಲೇ ಮನೆ ಇರಬೇಕೆಂದಿಲ್ಲ. ಅದಕ್ಕೇ ತಮ್ಮ ವಾರ್ಡಿನ ಮೀಸಲಾತಿ ಬದಲಾದ ಕೂಡಲೇ ಹಳೆಯ ಮೆಂಬರ್‌ಗಳು ಪಕ್ಕದ ವಾರ್ಡಿಗೆ ಗಂಟು ಕಟ್ಟುತ್ತಾರೆ. ಬ್ರಹ್ಮಪುರದವರು ಸೇಡಂ ರಸ್ತೆಯ ಕಡೆ ಮತ ಕೇಳುತ್ತಾ ಬಂದರೆ ಕಾನೂನು ಅಡ್ಡ ಬರುವುದಿಲ್ಲ. ಓಣಿಯ ಜನ ಅಡ್ಡ ಬರಬಹುದು.

ಮೀಸಲಾತಿ ಪಟ್ಟಿ ಬಂದ ದಿನ

ಚುನಾವಣೆಯ ನಿಜವಾದ ಗದ್ದಲ ಶುರುವಾಗುವುದು ಪ್ರಚಾರದಲ್ಲಿ ಅಲ್ಲ, ವಾರ್ಡುವಾರು ಮೀಸಲಾತಿ ಪಟ್ಟಿ ಹೊರಬಿದ್ದ ದಿನ. ವಾರ್ಡಿನ ಗಡಿ ಎಳೆಯುವುದು, ಯಾವ ವಾರ್ಡು ಯಾರಿಗೆ ಮೀಸಲು ಅಂತ ಅಧಿಸೂಚನೆ ಹೊರಡಿಸುವುದು, ಎರಡೂ ರಾಜ್ಯ ಸರ್ಕಾರದ ಕೆಲಸ. ಚುನಾವಣಾ ಆಯೋಗ ಅದನ್ನು ಕೈಯಲ್ಲಿ ಹಿಡಿದುಕೊಂಡು ದಿನ ಗೊತ್ತು ಮಾಡುತ್ತದೆ. ಹಾಗಾಗಿ ಆಟದ ಅಂಕಣಕ್ಕೆ ಗೆರೆ ಎಳೆಯುವವರು ಆಡುವವರೇ. ನನಗೆ ಇದು ಈ ವ್ಯವಸ್ಥೆಯ ದೊಡ್ಡ ತೂತು ಅನಿಸುತ್ತದೆ. ಈ ಪಟ್ಟಿಗಳು ಕೋರ್ಟ್ ಮೆಟ್ಟಿಲು ಹತ್ತಿ ಚುನಾವಣೆ ಮುಂದಕ್ಕೆ ಹೋಗುವುದು ಕರ್ನಾಟಕದಲ್ಲಿ ಹೊಸದೇನಲ್ಲ.

ಲೆಕ್ಕ ಹೀಗಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ ಊರಿನಲ್ಲಿ ಅವರ ಜನಸಂಖ್ಯೆ ಎಷ್ಟಿದೆಯೋ ಅಷ್ಟು ಪಾಲು. ಹಿಂದುಳಿದ ವರ್ಗಗಳಿಗೆ ಸುಮಾರು ಮೂರನೇ ಒಂದು ಪಾಲು. ಆ ವರ್ಗಗಳನ್ನು 'ಎ', 'ಬಿ' ಅಂತ ಎರಡು ಗುಂಪು ಮಾಡಿದ್ದಾರೆ; ಪಾಲಿನ ಒಳಗೆ ಮತ್ತೆ ನೂರಕ್ಕೆ 80 'ಎ' ಗುಂಪಿಗೆ, 20 'ಬಿ' ಗುಂಪಿಗೆ. ಇವೆಲ್ಲ ಸೇರಿ ಅರ್ಧವನ್ನು ದಾಟುವಂತಿಲ್ಲ. ಉಳಿದದ್ದು ಸಾಮಾನ್ಯ. ಆಮೇಲೆ ಇದರ ಮೇಲೆ ಅಡ್ಡಲಾಗಿ ಇನ್ನೊಂದು ಗೆರೆ: ಪ್ರತಿ ಗುಂಪಿನಲ್ಲೂ ಅರ್ಧದಷ್ಟು ಮಹಿಳೆಯರಿಗೆ. ಸಂವಿಧಾನ ಕೇಳುವುದು ಮೂರನೇ ಒಂದು ಭಾಗ ಮಾತ್ರ. ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿಕೊಂಡಿದೆ.

ಅರ್ಧ ಸಭೆ ಹೆಣ್ಣುಮಕ್ಕಳದು. ಆದರೂ ವಾರ್ಡಿನಲ್ಲಿ "ಮೆಂಬರ್ ಸಾಹೇಬ್ರು ಬಂದ್ರು" ಅಂದರೆ ಎಷ್ಟೋ ಕಡೆ ಬೈಕಿನಿಂದ ಇಳಿಯುವವರು ಅವರ ಗಂಡ. ಬ್ಯಾನರಿನಲ್ಲಿ ಅಕ್ಕಾವರ ಫೋಟೋ ಚಿಕ್ಕದು, ಅಣ್ಣಾವರದು ದೊಡ್ಡದು. ಇದನ್ನು ನೋಡಿ ಮೀಸಲಾತಿಯೇ ದಂಡ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಸಭೆಯಲ್ಲಿ ಎದ್ದು ನಿಂತು ಕೈ ಎತ್ತಬೇಕಾದವರು ಆ ಅಕ್ಕಾವರೇ. ಅಲ್ಲಿಗೆ ಗಂಡ ಬರುವಂತಿಲ್ಲ. ಎರಡನೇ ಸಲ ಗೆದ್ದವರ ಮಾತಿನ ಧಾಟಿ ನೋಡಿದರೆ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ಆ ಹತ್ತು ಮತ

ಈಗ ಕಾಕಾ ಕೇಳಿದ ಪ್ರಶ್ನೆಗೆ ಬರೋಣ.

ಪಾಲಿಕೆಯ ಸಭೆ ಅಂದರೆ ಬರೀ ವಾರ್ಡು ಸದಸ್ಯರ ಸಭೆ ಅಲ್ಲ. ಆ ಊರು ಪೂರ್ತಿಯಾಗಿ ಇಲ್ಲವೇ ಸ್ವಲ್ಪ ಭಾಗವಾದರೂ ಯಾವ ವಿಧಾನಸಭಾ ಕ್ಷೇತ್ರದಲ್ಲಿದೆಯೋ ಆ ಶಾಸಕರು ಅದರ ಸದಸ್ಯರು. ಲೋಕಸಭಾ ಸದಸ್ಯರೂ ಸದಸ್ಯರು. ರಾಜ್ಯಸಭಾ ಸದಸ್ಯರು, ವಿಧಾನ ಪರಿಷತ್ ಸದಸ್ಯರು ಕೂಡ ಬರುತ್ತಾರೆ, ಆದರೆ ಒಂದು ಷರತ್ತಿನ ಮೇಲೆ: ಅವರ ಹೆಸರು ಈ ಊರಿನ ಮತದಾರರ ಪಟ್ಟಿಯಲ್ಲಿ ಇರಬೇಕು. ಇವರೆಲ್ಲರಿಗೂ ಮೇಯರ್ ಆಯ್ಕೆಯಲ್ಲಿ ಮತ ಉಂಟು. 55ರ ಮೇಲಿನ 10 ಬಂದದ್ದು ಇಲ್ಲಿಂದ.

ಈ ಷರತ್ತನ್ನು ಇನ್ನೊಮ್ಮೆ ಓದಿ. ಶಾಸಕರ ಕ್ಷೇತ್ರ ಎಲ್ಲಿದೆಯೋ ಅಲ್ಲೇ ಇರುತ್ತದೆ, ಅದನ್ನು ಯಾರೂ ಎತ್ತಿಕೊಂಡು ಬರಲಾರರು. ಆದರೆ ಪರಿಷತ್ ಸದಸ್ಯರು ತಮ್ಮ ಹೆಸರನ್ನು ಒಂದು ಊರಿನ ಪಟ್ಟಿಯಿಂದ ತೆಗೆಸಿ ಇನ್ನೊಂದು ಊರಿನ ಪಟ್ಟಿಗೆ ಸೇರಿಸಬಹುದು. ಮೇಯರ್ ಆಯ್ಕೆಗೆ ಮುಂಚೆ ಕಲಬುರಗಿಯಲ್ಲಿ ದೊಡ್ಡ ತಕರಾರು ಎದ್ದದ್ದೇ ಇದರ ಮೇಲೆ. ಹೊರಗಿನ ಪರಿಷತ್ ಸದಸ್ಯರ ಹೆಸರು ಇಲ್ಲಿನ ಪಟ್ಟಿಗೆ ಸೇರಿದೆ ಅಂತ ಕಾಂಗ್ರೆಸ್ ಆಕ್ಷೇಪ ಎತ್ತಿತು. ಯಾವ ಪಕ್ಷಕ್ಕೆ ಅವಕಾಶ ಸಿಕ್ಕಿದರೂ ಈ ಬಾಗಿಲಿನಿಂದ ನುಗ್ಗುತ್ತದೆ ಅನ್ನುವುದು ನನ್ನ ಅಂದಾಜು. ಕೊನೆಗೆ ಒಂದೇ ಮತದಲ್ಲಿ ಫಲಿತಾಂಶ ಬಂದದ್ದರಿಂದ ಪಟ್ಟಿಯಲ್ಲಿನ ಒಂದೊಂದು ಹೆಸರಿನ ಬೆಲೆ ಎಷ್ಟು ಅಂತ ಊರಿಗೆಲ್ಲ ಅರ್ಥವಾಯಿತು.

ಇದರ ಜೊತೆಗೆ ನಾಮನಿರ್ದೇಶಿತ ಸದಸ್ಯರು ಅಂತ ಇರುತ್ತಾರೆ. ಆಡಳಿತ, ಆರೋಗ್ಯ, ನಗರ ಯೋಜನೆ, ಶಿಕ್ಷಣ, ಸಮಾಜ ಸೇವೆಯಲ್ಲಿ ಪಳಗಿದವರು ಅಂತ ಸರ್ಕಾರ ಕೆಲವರನ್ನು ನೇಮಿಸುತ್ತದೆ. ಇವರು ಸಭೆಯಲ್ಲಿ ಕೂರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ. ಪಳಗಿದ್ದು ಯಾವುದರಲ್ಲಿ ಅನ್ನುವುದು ಕೆಲವೊಮ್ಮೆ ಪಕ್ಷದ ಕಚೇರಿಯವರಿಗೇ ಗೊತ್ತು.

ಶಾಸಕರು, ಸಂಸದರು ಇಲ್ಲಿ ಮತ ಹಾಕುವುದು ಸರಿಯಾ? ಊರಿನ ಕೆಲಸಕ್ಕೆ ರಾಜ್ಯದಿಂದ ಹಣ ತರುವವರು ಅವರೇ ತಾನೇ, ಸಭೆಯಲ್ಲಿ ಇರಲಿ ಅನ್ನುವ ವಾದ ಇದೆ. ಇರಲಿ, ಮಾತಾಡಲಿ. ಆದರೆ ಮೇಯರ್ ಯಾರಾಗಬೇಕು ಅಂತ ತೀರ್ಮಾನಿಸುವ ಹೊತ್ತಿನಲ್ಲಿ ವಾರ್ಡಿನ ಬಾಗಿಲಿಗೆ ಬಂದು ಮತ ಕೇಳದವರ ಕೈಯೂ ಮೇಲೇಳುವುದು ನನಗೆ ಇಷ್ಟವಾಗುವುದಿಲ್ಲ. ಕಾನೂನು ಮಾತ್ರ ಹಾಗೇ ಇದೆ. ನಗರಸಭೆಯಲ್ಲೂ ಶಾಸಕ ಸಂಸದರಿಗೆ ಮತ ಇದೆ, ಆದ್ದರಿಂದ ಯಾದಗಿರಿಯವರೂ ಈ ಲೆಕ್ಕ ನೆನಪಿಡಬೇಕು.

ಕೈ ಎತ್ತುವ ಆ ಒಂದು ಗಂಟೆ

ಮೇಯರ್, ಉಪಮೇಯರ್ ಆಯ್ಕೆಯನ್ನು ನಡೆಸುವುದು ಪ್ರಾದೇಶಿಕ ಆಯುಕ್ತರು. ಮೊದಲು ಸದಸ್ಯರ ಪ್ರಮಾಣವಚನ, ಆಮೇಲೆ ನಾಮಪತ್ರ, ಪರಿಶೀಲನೆ, ಹಿಂತೆಗೆತಕ್ಕೆ ಕೆಲವು ನಿಮಿಷ, ಕೊನೆಗೆ ಮತ. ಗುಟ್ಟಿನ ಮತ ಅಲ್ಲ. ಕೈ ಎತ್ತಬೇಕು. ಯಾರು ಯಾರ ಕಡೆ ಅಂತ ಸಭೆಗೆಲ್ಲ ಕಾಣುತ್ತದೆ. ಪಕ್ಷ ವಿಪ್ (ಇಂಥವರಿಗೇ ಮತ ಹಾಕಿ ಅನ್ನುವ ಆದೇಶ) ಕೊಟ್ಟಿದ್ದು ಅದನ್ನು ಮುರಿದರೆ ಸದಸ್ಯತ್ವವೇ ಹೋಗಬಹುದು. ಶಾಸನಸಭೆಗೆ ಇರುವಂತೆ ಸ್ಥಳೀಯ ಸಂಸ್ಥೆಗಳಿಗೂ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಹಾಗಿದ್ದರೂ ಆಯ್ಕೆಗೆ ವಾರ ಮುಂಚೆ ಸದಸ್ಯರು ಬಸ್ಸು ಹತ್ತಿ ರೆಸಾರ್ಟಿಗೆ ಹೋಗುವ ಚಟ ನಮ್ಮ ರಾಜ್ಯದಲ್ಲಿ ತಪ್ಪಿಲ್ಲ. ಪಕ್ಷೇತರರಿಗೆ, ಸಣ್ಣ ಪಕ್ಷದವರಿಗೆ ಆ ವಾರ ಹಬ್ಬ.

ಮೇಯರ್ ಕುರ್ಚಿಗೂ ಮೀಸಲಾತಿ ಸರದಿ ಇದೆ. ಈ ವರ್ಷ ಸಾಮಾನ್ಯ, ಮುಂದಿನ ವರ್ಷ ಪರಿಶಿಷ್ಟ ಜಾತಿ, ಆಮೇಲೆ ಹಿಂದುಳಿದ ವರ್ಗದ ಮಹಿಳೆ, ಹೀಗೆ ಒಂದೊಂದು ಊರಿಗೂ ಸರ್ಕಾರ ಸರದಿ ಗೊತ್ತು ಮಾಡುತ್ತದೆ. ಕೆಲವೊಮ್ಮೆ ದೊಡ್ಡ ಪಕ್ಷದಲ್ಲಿ ಆ ಗುಂಪಿನ ಸದಸ್ಯರೇ ಗೆದ್ದಿರುವುದಿಲ್ಲ. ಆಗ ಸಂಖ್ಯೆ ಇದ್ದೂ ಕುರ್ಚಿ ಸಿಗುವುದಿಲ್ಲ.

ಹೀಗೆ ಕಷ್ಟಪಟ್ಟು ಗೆದ್ದ ಮೇಯರ್‌ಗೆ ಸಿಗುವುದು ಒಂದು ವರ್ಷ. ಕೆಂಪು ಗೌನು ಹಾಕಿಕೊಂಡು ಸನ್ಮಾನ ಮುಗಿಸುವಷ್ಟರಲ್ಲಿ ಎರಡು ತಿಂಗಳು ಹೋಗುತ್ತದೆ. ಬಜೆಟ್ಟಿನ ಲೆಕ್ಕ ಅರ್ಥವಾಗುವಷ್ಟರಲ್ಲಿ ಆರು. ಒಂದು ರಸ್ತೆಯ ಟೆಂಡರ್ ಕರೆದು ಕೆಲಸ ಶುರುವಾಗುವಷ್ಟರಲ್ಲಿ ಮುಂದಿನವರ ಹೆಸರು ಓಡಾಡುತ್ತಿರುತ್ತದೆ. ನಗರಸಭೆ ಅಧ್ಯಕ್ಷರಿಗೆ 30 ತಿಂಗಳು ಕೊಟ್ಟು, ಅದಕ್ಕಿಂತ ದೊಡ್ಡ ಊರಿನ ಮೇಯರ್‌ಗೆ 12 ತಿಂಗಳು ಕೊಡುವುದಕ್ಕೆ ಏನು ಅರ್ಥವೋ ನನಗಂತೂ ಹೊಳೆದಿಲ್ಲ. ಹೆಚ್ಚು ಮಂದಿಗೆ ಕುರ್ಚಿ ಹಂಚಬಹುದು, ಅಷ್ಟೇ.

ಫೈಲು ಯಾರ ಟೇಬಲ್ಲಿನಲ್ಲಿ?

ಮೇಯರ್ ಅಂದರೆ ಊರಿನ ಮುಖ್ಯಮಂತ್ರಿ ಅಂತ ಅಂದುಕೊಂಡಿದ್ದರೆ ಬಿಟ್ಟುಬಿಡಿ. ಕಾನೂನಿನ ಕಣ್ಣಲ್ಲಿ ಪಾಲಿಕೆಯ ಅಧಿಕಾರ ಮೂರು ಕಡೆ ಹಂಚಿದೆ: ಸಭೆ, ಸ್ಥಾಯಿ ಸಮಿತಿಗಳು, ಆಯುಕ್ತರು. ಮೇಯರ್ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ. ಮತ ಸಮ ಸಮ ಆದರೆ ನಿರ್ಣಾಯಕ ಮತ ಹಾಕುತ್ತಾರೆ. ಕೆಲಸ ನಡೆಯುವ ಜಾಗಕ್ಕೆ ಹೋಗಿ ನೋಡಬಹುದು, ಕಡತ ಕೇಳಬಹುದು. ಆದರೆ ಆದೇಶಕ್ಕೆ ಸಹಿ ಹಾಕುವುದು, ಸಿಬ್ಬಂದಿಯನ್ನು ಕೆಲಸಕ್ಕೆ ಹಚ್ಚುವುದು, ಬಿಲ್ಲು ಪಾಸು ಮಾಡುವುದು, ಕಟ್ಟಡಕ್ಕೆ ಪರವಾನಗಿ ಕೊಡುವುದು, ಅಕ್ರಮ ಕಟ್ಟಡಕ್ಕೆ ನೋಟಿಸು ಕೊಡುವುದು ಆಯುಕ್ತರ ಕೈಯಲ್ಲಿದೆ. ಆಯುಕ್ತರನ್ನು ಕಳಿಸುವುದು, ವರ್ಗ ಮಾಡುವುದು ರಾಜ್ಯ ಸರ್ಕಾರ. ಸಭೆ ಅಲ್ಲ.

ಒಂದು ಮನೆಯ ಹೋಲಿಕೆ ಕೊಡುತ್ತೇನೆ. ಮನೆಯ ಹಿರಿಯರೆಲ್ಲ ಕೂತು ಏನು ಅಡುಗೆ, ಎಷ್ಟು ಖರ್ಚು ಅಂತ ಹೇಳಬಹುದು. ಒಲೆ, ಉಗ್ರಾಣದ ಬೀಗ, ಅಡುಗೆಯವರು ಮಾತ್ರ ಬೇರೊಬ್ಬರ ಕೈಯಲ್ಲಿ. ಆ ಬೇರೊಬ್ಬರಿಗೆ ಸಂಬಳದ ಚೀಟಿ ಬರುವುದು ಬೆಂಗಳೂರಿನಿಂದ. ಇಬ್ಬರ ನಡುವೆ ಹೊಂದಿಕೆ ಇದ್ದರೆ ರೊಟ್ಟಿ ಹೊತ್ತಿಗೆ ಸರಿಯಾಗಿ ಬೇಯುತ್ತದೆ. ಇಲ್ಲದಿದ್ದರೆ ಸಭೆಯಲ್ಲಿ ಬರೀ ಕೂಗಾಟ.

ಸ್ಥಾಯಿ ಸಮಿತಿಗಳು ನಾಲ್ಕು. ತೆರಿಗೆ ಮತ್ತು ಹಣಕಾಸಿಗೆ ಒಂದು, ಆರೋಗ್ಯ ಮತ್ತು ಶಿಕ್ಷಣಕ್ಕೆ ಒಂದು, ನಗರ ಯೋಜನೆಗೆ ಒಂದು, ಲೆಕ್ಕಪತ್ರಕ್ಕೆ ಒಂದು. ಒಂದೊಂದರಲ್ಲಿ 7 ಮಂದಿ. ಅಂದರೆ ಒಟ್ಟು 28 ಕುರ್ಚಿ. ನಿಮ್ಮ ಮೆಂಬರ್ ಯಾವ ಸಮಿತಿಯಲ್ಲಿದ್ದಾರೆ ಅಂತ ಒಮ್ಮೆ ಕೇಳಿ ನೋಡಿ. ಹಲವರು ಈ ಪ್ರಶ್ನೆಗೆ ಮುಖ ನೋಡುತ್ತಾರೆ. ಊರಿನ ದುಡ್ಡಿನ ಮಾತು ನಿಜವಾಗಿ ನಡೆಯುವುದು ಈ ಸಣ್ಣ ಕೋಣೆಗಳಲ್ಲಿ. ಪೇಪರಿನವರು ಬರುವುದು ದೊಡ್ಡ ಸಭೆಗೆ ಮಾತ್ರ.

ಇನ್ನು ಯಾವ ಕೆಲಸಕ್ಕೆ ಯಾರು? ಕಸ, ಬೀದಿದೀಪ, ಓಣಿಯ ಗಟಾರ, ಉದ್ಯಾನ, ಸ್ಮಶಾನ, ಜನನ ಮರಣ ಪತ್ರ, ಅಂಗಡಿ ಲೈಸೆನ್ಸು, ಆಸ್ತಿ ತೆರಿಗೆ, ಖಾತಾ ಇವೆಲ್ಲ ಪಾಲಿಕೆಯವು. ಇವಕ್ಕೆ ಮೆಂಬರ್ ಬಾಗಿಲು ತಟ್ಟುವುದು ಸರಿ. ಆದರೆ ಕರೆಂಟು ಹೋದರೆ ಜೆಸ್ಕಾಂ. ಸಿಟಿ ಬಸ್ಸು ಬರದಿದ್ದರೆ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ. ಹೊಸ ಲೇಔಟಿನ ರಸ್ತೆ ಪಾಲಿಕೆಗೆ ಹಸ್ತಾಂತರ ಆಗುವ ತನಕ ನಗರಾಭಿವೃದ್ಧಿ ಪ್ರಾಧಿಕಾರದ ಪಾಲು. ದೊಡ್ಡ ರಸ್ತೆ ಹಾಳಾದರೆ ಅದು ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿಯವರದೋ, ಪಾಲಿಕೆಯದೋ ಅಂತ ಮೊದಲು ಪತ್ತೆ ಮಾಡಬೇಕು. ಗುಂಡಿಗೆ ಅದರ ಮಾಲೀಕರು ಯಾರು ಅಂತ ಬೋರ್ಡು ಇರುವುದಿಲ್ಲ.

ನೀರಿನ ವಿಷಯ ಎಲ್ಲಕ್ಕಿಂತ ಗೋಜಲು. ಭೀಮಾ ನದಿಯಿಂದ, ಬೆಣ್ಣೆತೊರಾ ಜಲಾಶಯದಿಂದ ಊರಿಗೆ ನೀರು ಬರುತ್ತದೆ. ದಿನಪೂರ್ತಿ ನೀರು ಕೊಡುವ ಯೋಜನೆಗೆ ವಿಶ್ವ ಬ್ಯಾಂಕಿನ ಸಾಲ ಇದೆ, ರಾಜ್ಯದ ಮೂಲಸೌಕರ್ಯ ಸಂಸ್ಥೆ ಇದೆ, ಪೈಪು ಹಾಕುವ ಖಾಸಗಿ ಕಂಪನಿ ಇದೆ. ನಳಕ್ಕೆ ನೀರು ಬರದಿದ್ದರೆ ಜನ ಬೈಯುವುದು ಮಾತ್ರ ಮೆಂಬರ್‌ಗೆ. ಅವರ ಮುಖ ತಾನೇ ಓಣಿಯಲ್ಲಿ ಕಾಣುವುದು? ಕೆಲವೊಮ್ಮೆ "ನಮ್ಮ ಕೈಯಾಗ ಇಲ್ರಿ" ಅಂತ ಅವರು ಹೇಳಿದಾಗ ನಮಗೆ ಸಿಟ್ಟು ಬರುತ್ತದೆ. ಅದು ನಿಜವೂ ಇರಬಹುದು. ಆಗ ಕೇಳಬೇಕಾದ ಮರುಪ್ರಶ್ನೆ ಒಂದೇ: "ಹಂಗಾದ್ರ ಯಾರ ಕೈಯಾಗ ಐತ್ರಿ? ಸಭಾದಾಗ ನೀವು ಯಾವಾಗ ಕೇಳಿದ್ರಿ?"

ಹಣವೂ ಹೀಗೇ ಹಲವು ಕೊಳವೆಗಳಿಂದ ಬರುತ್ತದೆ. ಆಸ್ತಿ ತೆರಿಗೆ ಊರಿನದೇ ದುಡ್ಡು. ರಾಜ್ಯ ಹಣಕಾಸು ಆಯೋಗ, ಕೇಂದ್ರ ಹಣಕಾಸು ಆಯೋಗದ ಅನುದಾನ ಮೇಲಿನಿಂದ ಬರುವುದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ರಸ್ತೆ, ಭವನಗಳಿಗೆ ಸಿಗುತ್ತದೆ. ಆ ಹಣದಲ್ಲಿ ಶಾಸಕರ ಮಾತು ಜೋರು. ಊರಿನೊಳಗೆ ಒಂದೇ ರಸ್ತೆಗೆ ಇಬ್ಬರು ಪೂಜೆ ಮಾಡಿ ಎರಡು ಬೋರ್ಡು ನೆಟ್ಟಿದ್ದನ್ನು ಕಂಡರೆ ಇದೇ ಕಾರಣ.

ಓಣಿಗೆ ಒಂದು ಸಮಿತಿ

ಕಾನೂನಿನಲ್ಲಿ ಇದ್ದೂ ಜನರ ಬಾಯಲ್ಲಿ ಇಲ್ಲದ ಒಂದು ವಿಷಯ ಹೇಳಿಬಿಡುತ್ತೇನೆ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಲ್ಲಿ ವಾರ್ಡು ಸಮಿತಿಗಳು ಇರಬೇಕು ಅಂತ ಸಂವಿಧಾನವೇ ಹೇಳುತ್ತದೆ. ಕರ್ನಾಟಕದ ಕಾಯ್ದೆಯಲ್ಲಿ ಇದಕ್ಕೆ ವಿವರ ಇದೆ. ವಾರ್ಡಿನ ಸದಸ್ಯರೇ ಅಧ್ಯಕ್ಷರು, ಜೊತೆಗೆ ಅದೇ ವಾರ್ಡಿನ 10 ಮಂದಿ. ಅದರಲ್ಲಿ ಇಬ್ಬರು ಪರಿಶಿಷ್ಟರು, ಮೂವರು ಮಹಿಳೆಯರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ಗಟಾರ ಎಲ್ಲಿ, ದೀಪ ಎಲ್ಲಿ, ವಾರ್ಡಿನ ದುಡ್ಡು ಮೊದಲು ಯಾವುದಕ್ಕೆ ಅಂತ ಇವರು ಕೂತು ಮಾತಾಡಬೇಕು. ಮಂಗಳೂರಿನಲ್ಲಿ ನಾಗರಿಕರು ಹೈಕೋರ್ಟ್‌ಗೆ ಹೋದ ಮೇಲೆ ಇಂಥ ಸಮಿತಿಗಳು ಆದವು. 9,700 ಜನಕ್ಕೆ ಒಬ್ಬ ಮೆಂಬರ್ ಸಾಲದು ಅನ್ನುವ ಮಾತಿಗೆ ಕಾನೂನೇ ಇಟ್ಟಿರುವ ಉತ್ತರ ಇದು. ನಿಮ್ಮ ಸಂಘ ನೋಂದಣಿ ಆಗಿದ್ದರೆ ಒಂದು ಅರ್ಜಿ ಬರೆದು ಕೊಡಿ. ಮೆಂಬರ್‌ಗಳಿಗೆ ಈ ಸಮಿತಿಯ ಮೇಲೆ ಅಷ್ಟೇನೂ ಪ್ರೀತಿ ಇರುವುದಿಲ್ಲ, ಅದಕ್ಕೆ ತಯಾರಾಗಿರಿ.

ಕೊನೆಯ ಲೆಕ್ಕ ಒಂದು ಉಳಿದಿದೆ. ಸದಸ್ಯರ ಅವಧಿ 5 ವರ್ಷ ಅಂದೆ. ಯಾವತ್ತಿನಿಂದ 5 ವರ್ಷ? ಮತ ಎಣಿಸಿದ ದಿನದಿಂದ ಅಲ್ಲ, ಸಭೆಯ ಮೊದಲ ಬೈಠಕ್ಕಿನ ದಿನದಿಂದ. ಸಂವಿಧಾನದಲ್ಲಿ ಹಾಗೇ ಬರೆದಿದೆ. ಕಲಬುರಗಿಯವರು ಬಟನ್ ಒತ್ತಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಮೊದಲ ಸಭೆ ಸೇರಿದ್ದು 2023ರ ಮಾರ್ಚ್‌ನಲ್ಲಿ. ಅಲ್ಲಿಂದ ಐದು ವರ್ಷ ಎಣಿಸಿದರೆ 2028ರ ಮಾರ್ಚ್ ಆಗುತ್ತದೆ. ಕಾಕಾನ ಮೊಮ್ಮಗಳು 2021ರ ಚುನಾವಣೆಯ ಹೊತ್ತಿಗೆ ಎಂಟನೇ ಕ್ಲಾಸಿನಲ್ಲಿದ್ದಳು, ಅಜ್ಜನ ಬೆರಳಿನ ಶಾಯಿ ನೋಡಿ ನಗುತ್ತಿದ್ದಳು. ಮುಂದಿನ ಸಲ ಅವಳ ಬೆರಳಿಗೂ ಶಾಯಿ ಬೀಳುತ್ತದೆ.